ಹೋಗಿ ಬರ್ತೀವಿ, ಮದಾಮ್

ಸಂಕ್ರಾಂತಿಗೆ ಇನ್ನು ಒಂದು ವಾರ ಇರುವಾಗ ಫ್ರಾನ್ಸಿನಿಂದ ಒಂದು ಕಾಗದ ಬಂತು. ಬರ್ಮಿಂಗ್‌ಹ್ಯಾಮಿನ ಹಾರ್ಬೋರ್ನ್ ಬಡಾವಣೆಯ ಆ ಮನೆಯ ಬಾಗಿಲ ಸಂದಿಯಿಂದ ಒಳಗೆ ಬೀಳುವುದೆಲ್ಲ ಕೌನ್ಸಿಲ್ ಟ್ಯಾಕ್ಸ್, ಪಿಜ್ಜಾ ಅಂಗಡಿಯ ಬಣ್ಣದ ಚೀಟಿ, ಹಲ್ಲಿನ ಡಾಕ್ಟರ ನೆನಪೋಲೆ. ಕೈಬರಹದ ವಿಳಾಸವಿದ್ದ ಲಕೋಟೆ ಬಿದ್ದು ವರ್ಷಗಳೇ ಆಗಿದ್ದವು. ಶಿವಗಂಗಾ ಅದನ್ನೆತ್ತಿ, ಹಿಂದೆ ಮುಂದೆ ತಿರುಗಿಸಿ, ಕಳಿಸಿದವರ ಹೆಸರು ಓದಿ, ತಾನು ಏನೋ ತಪ್ಪು ಮಾಡಿದ್ದೇನೆ ಅಂದುಕೊಂಡಳು. ಕಾಗದ ಒಡೆಯುವ ಮೊದಲೇ ಹಾಗೆ ಅಂದುಕೊಳ್ಳುವುದು ಅವಳ ಅಭ್ಯಾಸ.

ಈ ಸಲ ಆ ಅಭ್ಯಾಸ ಸುಳ್ಳಾಗಲಿಲ್ಲ.

ಶಿವಗಂಗಾ ದಾವಣಗೆರೆಯಲ್ಲಿ ಪಿಯುಸಿ ಮುಗಿಸಿ, ಮದುವೆಯಾಗಿ ಬಂದವಳು. ಇಂಗ್ಲಿಷು, ಕಂಪ್ಯೂಟರು ಎರಡನ್ನೂ ಬರ್ಮಿಂಗ್‌ಹ್ಯಾಮಿನ ಸಂಜೆ ತರಗತಿಗಳಲ್ಲಿ ಕಲಿತು, ಈಗ ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ರೋಗಿಗಳಿಗೆ ಅಪಾಯಿಂಟ್‌ಮೆಂಟ್ ಕೊಡುವ ಕೆಲಸದಲ್ಲಿದ್ದಳು. ಒಬ್ಬರಿಗೆ ಕೊಟ್ಟ ವೇಳೆಯನ್ನು ಇನ್ನೊಬ್ಬರಿಗೆ ಕೊಟ್ಟುಬಿಟ್ಟೆನೋ ಎಂದು ಹಾಸಿಗೆಯಿಂದ ಎದ್ದು ಕೂರುವ ಜಾತಿ. ಕಳೆದ ಎರಡು ಚಳಿಗಾಲ ಮಂಗಳವಾರ ಸಂಜೆ ಫ್ರೆಂಚ್ ಕಲಿಯಲು ಹೋಗುತ್ತಿದ್ದಳು. ಯಾಕೆ ಅಂತ ಕೇಳಿದವರಿಗೆ ಹೇಳಲು ಅವಳಲ್ಲಿ ನೆಟ್ಟಗಿನ ಉತ್ತರವಿರಲಿಲ್ಲ. ಸುಮ್ಮನೆ, ಇಷ್ಟ. ಆದರೆ ಇಷ್ಟಕ್ಕೆ ಕಲಿಯುತ್ತೇನೆ ಅನ್ನುವ ಧೈರ್ಯ ಸಾಲದೆ, ಮೆದುಳಿಗೆ ಒಳ್ಳೆಯದಂತೆ ಅನ್ನುತ್ತಿದ್ದಳು.

ಕಾಗದ ಫ್ರೆಂಚಿನಲ್ಲಿತ್ತು. ನಿಘಂಟು ಇಟ್ಟುಕೊಂಡು ಮೂರು ಸಂಜೆ ಓದಿದಳು. ಮೂರನೆಯ ಸಂಜೆ ಗಂಡ ಸೋಮಲಿಂಗಪ್ಪನನ್ನು ಅಡುಗೆಮನೆಗೆ ಕರೆದಳು.

"ರೀ, ಹೋದ ಆಗಸ್ಟ್‌ನಲ್ಲಿ ನಮಗೆ ಮನೆ ಬಾಡಿಗೆಗೆ ಕೊಟ್ಟಿದ್ದಳಲ್ಲ, ಆ ಮದಾಮ್ ರಿವೋ ಮುಂದಿನ ಆಗಸ್ಟ್‌ಗೆ ನಮಗೋಸ್ಕರ ಮನೆ ಕಾದಿರಿಸಿದಾಳೆ."

"ನಾವು ಕೇಳಿದ್ವಾ?"

"ನಾನು ಹೇಳಿದ್ದೆನಂತೆ."

ಕಾಗದದಲ್ಲಿದ್ದದ್ದು ಇಷ್ಟು. ತಾವು ಹೊರಡುವಾಗ ಹೇಳಿದ ಪ್ರಕಾರ ಆಗಸ್ಟಿನ ಮೊದಲ ಎರಡು ವಾರ ಮನೆಯನ್ನು ತಮ್ಮ ಮೂರೂ ಕುಟುಂಬಕ್ಕೆ ಇಟ್ಟಿದ್ದೇನೆ. ಹನ್ನೊಂದು ವರ್ಷದಿಂದ ಆ ಹದಿನೈದು ದಿನಕ್ಕೆ ಬರುತ್ತಿದ್ದ ಲಿಮೋಜ್ ಊರಿನವರು ಕಳೆದ ವರ್ಷ ಮಗಳ ಮದುವೆಯೆಂದು ಬಂದಿರಲಿಲ್ಲ. ಈ ಸಲ ಕೇಳಿದರು, ಇಲ್ಲ ಅಂದೆ. ನಿಮ್ಮ ಬೆಳಗಿನ ಅಡುಗೆಯ ಹೊಗೆಗೆ ಚಾವಣಿಯ ಅಲಾರಂ ಹೊಡೆದುಕೊಳ್ಳುತ್ತಿತ್ತಲ್ಲ, ಅದಕ್ಕೆ ಹಿತ್ತಲ ಬಟ್ಟೆ ಒಗೆಯುವ ಕೋಣೆಯಲ್ಲಿ ಒಂದು ಗ್ಯಾಸ್ ಒಲೆ ಹಾಕಿಸಿದ್ದೇನೆ. ಇನ್ನು ಎಷ್ಟು ಬೇಕಾದರೂ ಹುರಿಯಿರಿ.

"ಒಗ್ಗರಣೆಗೆ ಒಲೆ ಹಾಕ್ಸಿದಾಳಾ!" ಸೋಮಲಿಂಗಪ್ಪ ಕುರ್ಚಿ ಎಳೆದು ಕೂತ. "ಅಲ್ಲ ಗಂಗಾ, ನೀನು ಹೇಳಿದ್ದಾದ್ರೂ ಏನು?"

ಹೇಳಿದ್ದು ಏನೆಂದು ಅವಳಿಗೆ ಅಕ್ಷರಕ್ಕೆ ಅಕ್ಷರ ನೆನಪಿತ್ತು. ತೊಂದರೆಯೇ ಅದು.

ಕಳೆದ ಆಗಸ್ಟಿನಲ್ಲಿ ಮೂರು ಕುಟುಂಬ ಸೇರಿ ಹತ್ತು ಜನ ಫ್ರಾನ್ಸಿನ ಪಡುವಣ ಕರಾವಳಿಗೆ ಹೋಗಿದ್ದರು. ಶರಾಂತ್ ಎಂಬ ನದಿ ಸಮುದ್ರ ಸೇರುವ ಕಡೆ, ಅಳಿವೆಯ ದಂಡೆಯ ಒಂದು ಊರು. ಊರನ್ನು ಆರಿಸಿದ್ದು ಶಿವಗಂಗಾ. ಸಂಜೆ ತರಗತಿಯ ಟೀಚರು ತೋರಿಸಿದ ಚಿತ್ರದಲ್ಲಿ ನದಿ ಹಾವಿನಂತೆ ಹೊರಳಿ ಹೊರಳಿ ಹೋಗುತ್ತಿತ್ತು, ದಂಡೆಯುದ್ದಕ್ಕೂ ಉದ್ದ ಕಾಲಿನ ಗುಡಿಸಲುಗಳು, ಪ್ರತಿ ಗುಡಿಸಲಿನಿಂದ ಒಂದೊಂದು ಚೌಕದ ಬಲೆ ನೇತುಬಿದ್ದಿತ್ತು. ಉಳಿದ ಇಬ್ಬರು ಯಜಮಾನರಲ್ಲಿ ಒಬ್ಬರು ಸಾಲ್ಫರ್ಡಿನ ರಂಗನಾಥರು, ಬೆಂಗಳೂರಿನವರು, ದೊಡ್ಡ ಐಟಿ ಮ್ಯಾನೇಜರು. ಇನ್ನೊಬ್ಬ ಲೀಡ್ಸಿನ ಭೋಜ, ಉಡುಪಿ ಕಡೆಯವನು, ಹೋಟೆಲುಗಳಿಗೆ ಪಾತ್ರೆ ಮಾರುವವನು.

ರಂಗನಾಥರು ಎಲ್ಲಿಗೆ ಹೋದರೂ ಅಲ್ಲಿ ಇಲ್ಲದ್ದನ್ನು ಮೊದಲು ಕಂಡುಹಿಡಿಯುತ್ತಿದ್ದರು. ಅಳಿವೆಯಲ್ಲಿ ಅವರಿಗೆ ಸಿಕ್ಕಿದ್ದು ಸಮುದ್ರ ಇಲ್ಲದಿರುವುದು. ಬೆಳಿಗ್ಗೆ ಹತ್ತಕ್ಕೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ದಂಡೆಗೆ ಹೋದರೆ ಇಳಿತದ ಹೊತ್ತು. ನೀರು ಮೈಲುದೂರ ಹಿಂದೆ ಸರಿದು, ಬೂದುಬಣ್ಣದ ಕೆಸರು ಬಿಸಿಲಿಗೆ ಮಿರುಗುತ್ತಿತ್ತು.

"ಏನ್ರೀ ಇದು? ವೇರ್ ಈಸ್ ದ ಸೀ? ಫುಲ್ ಮಡ್ಡು! ಟೋಟಲ್ ಚೀಟಿಂಗ್ ಅಲ್ವಾ ಇದು?" ಎಂದು ಅಂಗಳದಲ್ಲಿ ನಿಂತು ಕೂಗಿದರು. ಮದಾಮ್ ರಿವೋ ಅಲ್ಲೇ ಬಟ್ಟೆ ಒಣಹಾಕುತ್ತಿದ್ದಳು. ಎಪ್ಪತ್ತು ದಾಟಿದ ಕಡ್ಡಿಯಂಥ ಹೆಂಗಸು. ತಲೆ ತಿರುಗಿಸಲಿಲ್ಲ.

"ನಮ್ಮ ಮಲ್ಪೆಯಲ್ಲಿ ಸಮುದ್ರ ಎಲ್ಲಿಗೂ ಹೋಗುದಿಲ್ಲ ಮಾರಾಯ್ರೆ, ಅಲ್ಲೇ ಇರ್ತದೆ," ಅಂದ ಭೋಜ. "ಪಾಪ, ಇವರ ಸಮುದ್ರಕ್ಕೆ ಶಿಫ್ಟ್ ಡ್ಯೂಟಿ."

ಹದಿನೈದು ದಿನವೂ ಹೀಗೇ ನಡೆಯಿತು. ನದಿ ತೋರಿಸಿದರೆ ರಂಗನಾಥರು ಶ್ರೀರಂಗಪಟ್ಟಣದ ಕಾವೇರಿಯ ಮುಂದೆ ಇದು ಚರಂಡಿ ಅಂದರು. ಉಪ್ಪಿನ ಗದ್ದೆ ತೋರಿಸಿದರೆ ಇದಕ್ಕೇನು ಟಿಕೆಟ್ಟು, ಅಂಗಡಿಯಲ್ಲಿ ಸಿಗಲ್ವಾ ಅಂದರು. ಲೀಲಾವತಿ, ಅಂದರೆ ರಂಗನಾಥರ ಹೆಂಡತಿ, ಬ್ರೆಡ್ಡು ಗಟ್ಟಿ ಅಂತ ಮುಖ ಸಿಂಡರಿಸಿ, ಇಂಗ್ಲೆಂಡಿನಿಂದ ಹೊತ್ತುಕೊಂಡು ಹೋದ ಕುಕ್ಕರಿನಲ್ಲಿ ಮೂರು ಹೊತ್ತೂ ಬಿಸಿಬೇಳೆಬಾತು ಕೂಗಿಸಿದಳು. ಐನೂರು ಮೈಲು ದಾಟಿ, ಕಡಲು ದಾಟಿ ಹೋಗಿ, ಸಾಲ್ಫರ್ಡಿನ ಅಡುಗೆಮನೆಯಲ್ಲೇ ಕೂತು ಬರುವ ವಿದ್ಯೆ ಅವರಿಗೆ ಚೆನ್ನಾಗಿ ಸಿದ್ಧಿಸಿತ್ತು. ಮದಾಮಳ ಬಳಿ ಏನು ಬೇಕಾದರೂ "ನಮ್ಮ ಇಂಟರ್‌ಪ್ರಿಟರ್ ಮೇಡಂ ಎಲ್ಲಿ?" ಎಂದು ಶಿವಗಂಗಾಳನ್ನು ಅಟ್ಟುವರು. ಅವಳು ಪುಸ್ತಕದಲ್ಲಿ ವಾಕ್ಯ ಬರೆದುಕೊಂಡು, ಎರಡು ಸಲ ಬಾಯಲ್ಲಿ ಹೇಳಿಕೊಂಡು, ಹೋಗಿ ಒಪ್ಪಿಸುವಳು. ಮದಾಮ್ ಕೈಕಟ್ಟಿ ನಿಂತು, ಕ್ರಿಯಾಪದ ಬರುವ ತನಕ ಕಾಯುವಳು. ಒಂದು ಸಲವೂ ಅವಸರ ಮಾಡಲಿಲ್ಲ.

ಹೊರಡುವ ದಿನ ಎಲ್ಲರೂ ವ್ಯಾನಿನಲ್ಲಿ ಕೂತಾಗಿತ್ತು. ಬೀಗದ ಕೈ ಒಪ್ಪಿಸಲು ಶಿವಗಂಗಾ ಇಳಿದಳು. ಹಿಂದಿನಿಂದ ಲೀಲಾವತಿ ಕಿಟಕಿಯಿಂದ ತಲೆ ಹಾಕಿ ಕೂಗಿದಳು:

"ಶಿವಗಂಗಾ, ಹೋಗ್ತೀವಿ ಅಂತ ಮಾತ್ರ ಹೇಳ್ಬೇಡಿ ಕಣ್ರೀ! ಮಕ್ಕಳುಮರಿ ಕಟ್ಕೊಂಡು ಅಷ್ಟು ದೂರ ರಸ್ತೆ ಮೇಲೆ ಹೋಗ್ಬೇಕು. ಹೋಗಿ ಬರ್ತೀವಿ ಅನ್ನಿ. ಯಾವ ಭಾಷೆ ಆದ್ರೇನು, ಬಾಯಲ್ಲಿ ಒಳ್ಳೇದು ಬರ್ಲಿ."

ಶಿವಗಂಗಾಳಿಗೂ ಅದು ಸರಿಯೆನಿಸಿತು. ಹುಟ್ಟಿದಾಗಿನಿಂದ ಹೊಸ್ತಿಲಲ್ಲಿ ನಿಂತು 'ಹೋಗ್ತೀನಿ' ಅಂದವಳಲ್ಲ. ಟೀಚರು ಕಲಿಸಿದ ಬೀಳ್ಕೊಡುಗೆಯ ಮಾತನ್ನು ಬಿಟ್ಟು, ತಾನೇ ಪದ ಜೋಡಿಸಿ, ಭವಿಷ್ಯತ್ಕಾಲ ಸರಿಯಾಗಿ ಹಾಕಿ, ನಾವು ಬರ್ತೀವಿ ಅಂದಳು. ಮದಾಮ್ ಹುಬ್ಬೇರಿಸಿದಳು. ಎಲ್ಲರೂನಾ? ಎಲ್ಲರೂ. ಇದೇ ದಿನಗಳಿಗಾ? ಕೊನೆಯ ಪ್ರಶ್ನೆ ಅರ್ಧವಷ್ಟೇ ಅರ್ಥವಾಗಿತ್ತು. ಆದರೆ ಬೀಳ್ಕೊಡುವಾಗ ಯಾರು ಏನು ಕೇಳಿದರೂ ಖಂಡಿತ ಖಂಡಿತ ಅನ್ನುವುದಲ್ಲವೇ? ಹೌದು ಹೌದು ಅಂದಳು. ಮದಾಮ್ ಏಪ್ರನ್ನಿನ ಜೇಬಿನಿಂದ ಚಿಕ್ಕ ಡೈರಿ ತೆಗೆದು ಏನೋ ಬರೆದುಕೊಂಡಳು. ಕರೆಂಟಿನ ಮೀಟರು ಬರೆದುಕೊಳ್ಳುತ್ತಿದ್ದಾಳೆ ಅಂದುಕೊಂಡು ಶಿವಗಂಗಾ ವ್ಯಾನು ಹತ್ತಿದಳು.

"ಮೀಟರು ಗೋಡೆ ಮೇಲಿತ್ತು," ಎಂದು ಈಗ ಗಂಡನ ಮುಂದೆ ಕಣ್ಣು ಮುಚ್ಚಿಕೊಂಡಳು. "ಅವಳು ಗೋಡೆ ಕಡೆ ನೋಡ್ಲೇ ಇಲ್ಲ. ನನಗೆ ಆಗ್ಲೇ ಗೊತ್ತಾಗ್ಬೇಕಿತ್ತು."

ಸಂಕ್ರಾಂತಿಯ ನಂತರದ ಶನಿವಾರ ಸಾಲ್ಫರ್ಡಿನಲ್ಲಿ ರಂಗನಾಥರ ಮನೆಗೆ ಎಲ್ಲರೂ ಎಳ್ಳುಬೆಲ್ಲಕ್ಕೆ ಸೇರುವ ವಾಡಿಕೆ. ಹನ್ನೊಂದನೆಯ ಮಹಡಿಯ ಫ್ಲ್ಯಾಟು. ಕೆಳಗೆ ಟ್ರಾಮು ಆಟಿಕೆಯ ಹಾಗೆ ಸರಿದಾಡುತ್ತಿರುತ್ತದೆ; ಬಂದವರನ್ನೆಲ್ಲ ರಂಗನಾಥರು ಮೊದಲು ಕಿಟಕಿಗೆ ಕರೆದೊಯ್ದು ಕಾಲುವೆ ತೋರಿಸುತ್ತಾರೆ, ಅದನ್ನು ತಾವೇ ತೋಡಿಸಿದವರಂತೆ. ಟಿವಿಯಲ್ಲಿ ಇಟಲಿಯ ಕೋಮೋ ಸರೋವರದ ಚಿತ್ರಗಳು ಓಡುತ್ತಿದ್ದವು. ಈ ವರ್ಷದ ಆಗಸ್ಟು ಅಲ್ಲಿಗೆಂದು ಅವರು ಎಲ್ಲರ ಪರವಾಗಿ ತೀರ್ಮಾನ ಮಾಡಿಯಾಗಿತ್ತು.

ಶಿವಗಂಗಾ ಕಾಗದ ತೆಗೆದು ವಿಷಯ ಹೇಳಿದಳು. ಹೇಳುವಾಗ ತಪ್ಪು ತನ್ನದೇ ಎಂದು ಮೂರು ಸಲ ಹೇಳಿದಳು. ಮೊದಲನೆಯ ಸಲಕ್ಕೇ ಎಲ್ಲರೂ ಒಪ್ಪಿದ್ದರಿಂದ ಉಳಿದ ಎರಡು ಸಲ ವ್ಯರ್ಥವಾಯಿತು.

ರಂಗನಾಥರು ತೊಡೆ ತಟ್ಟಿಕೊಂಡು ನಕ್ಕರು. "ಎರಡು ವರ್ಷ ಫ್ರೆಂಚ್ ಕಲ್ತು ನಮ್ಮನ್ನೆಲ್ಲ ಆ ಕೆಸರಿಗೆ ಮತ್ತೆ ಬುಕ್ ಮಾಡಿಬಿಟ್ರಲ್ಲ ಮೇಡಂ! ಮೂರನೇ ವರ್ಷ ಏನ್ ಮಾಡ್ತೀರಿ, ಮನೆ ಕೊಂಡ್ಕೊಂಡುಬಿಡ್ತೀರಾ?"

"ಬರ್ತೀವಿ ಅನ್ನಿ ಅಂತ ಲೀಲಾವತಿಯವ್ರು..." ಎಂದು ಶಿವಗಂಗಾ ಶುರು ಮಾಡಿದಳು.

"ನಾನಾ?" ಲೀಲಾವತಿ ಎಳ್ಳಿನ ತಟ್ಟೆ ಹಿಡಿದು ಅಲ್ಲೇ ನಿಂತಳು. "ನಾನು ಕನ್ನಡದಲ್ಲಿ ಹೇಳಿದ್ದು ಕಣ್ರೀ. ಅದನ್ನ ಹಾಗ್ಹಾಗೇ ಫ್ರೆಂಚ್‌ಗೆ ಯಾರಾದ್ರೂ ಹಾಕ್ತಾರಾ?"

"ಈಗ ಏನು ಮಾಡೋದು ಅಂತ ಹೇಳಿ," ಅಂದ ಸೋಮಲಿಂಗಪ್ಪ. ಅವನು ಮಾತಾಡುವುದು ಕಡಿಮೆ, ಮಾತಾಡಿದರೂ ಜನ ಮುಂದಿನವರ ಕಡೆಗೆ ತಿರುಗುತ್ತಾರೆ.

"ಏನೂ ಮಾಡ್ಬೇಡಿ," ರಂಗನಾಥರು ಕೈ ಝಾಡಿಸಿದರು. "ಲೆಟರ್ ಬರ್ಲೇ ಇಲ್ಲ. ಬ್ರೆಕ್ಸಿಟ್ ಆದ್ಮೇಲೆ ಪೋಸ್ಟು ಹಾಳಾಗಿದೆ ಅಂತ ಅವಳಿಗೂ ಗೊತ್ತಿರತ್ತೆ. ಆಗಸ್ಟ್ ಬರತ್ತೆ, ನೋಡ್ತಾಳೆ, ಯಾರೂ ಬರಲ್ಲ, ಅರ್ಥ ಮಾಡ್ಕೋತಾಳೆ."

"ಅದು ಚಂದ ಅಲ್ಲ ಮಾರಾಯ್ರೆ," ಅಂದ ಭೋಜ. ಶಿವಗಂಗಾಳಿಗೆ ಒಂದು ಗಳಿಗೆ ಆಸೆ ಹುಟ್ಟಿತು. "ಯಾರೋ ತೀರಿಕೊಂಡ್ರು ಅಂತ ಒಂದು ಕಾರ್ಡ್ ಹಾಕಿ. ದೊಡ್ಡಮ್ಮನೋ, ಯಾರೋ. ಸತ್ತವರ ವಿಷಯದಲ್ಲಿ ಯಾರೂ ಪ್ರಶ್ನೆ ಕೇಳುದಿಲ್ಲ."

"ಥೂ, ಹಬ್ಬಕ್ಕೆ ಸೇರಿರೋ ಹೊತ್ತಲ್ಲಿ!" ಅಂದಳು ಲೀಲಾವತಿ. "ಕೆಟ್ಟ ಮಾತು ಆಡ್ಬೇಡಿ. ಅದರ ಬದಲು ಇವರು ಹೇಳಿದ್ದೇ ಸರಿ, ಸುಮ್ಮನಿದ್ದುಬಿಡಿ."

ಶಿವಗಂಗಾ ಆ ಮೂವರನ್ನೂ ನೋಡಿದಳು. ಹತ್ತು ವರ್ಷದಿಂದ ಈ ಜನರ ಎದುರು ತನ್ನ ಇಂಗ್ಲಿಷು ಸಾಲದು, ತನ್ನ ಸೀರೆ ಸಾಲದು, ತನ್ನ ಗಂಡನ ಲ್ಯಾಬ್ ಕೆಲಸ ಸಾಲದು ಎಂದು ಕುಗ್ಗಿ ಕೂತವಳು. ಇವರ ಮುಂದೆ ತಾನು ಯಾಕೆ ಕುಗ್ಗಿದ್ದೆ ಎಂದು ಅವಳಿಗೆ ಒಮ್ಮೆಗೇ ಮರೆತುಹೋಯಿತು. ಹೋಗ್ತೀವಿ ಎಂದರೆ ಇವರ ಬಾಯಿಗೆ ಅಪಶಕುನ. ಬರ್ತೀವಿ ಎಂದು ಹೇಳಿ, ಒಬ್ಬಳು ಮುದುಕಿ ಒಲೆ ಹಾಕಿಸಿ ಕಾಯುವಂತೆ ಮಾಡಿ, ಬಾರದೆ ಇದ್ದರೆ ಏನೂ ಅಲ್ಲ. ಬಾಯಿ ಮಾತ್ರ ಶುದ್ಧವಾಗಿದ್ದರೆ ಸಾಕು. ಎಳ್ಳು ಅಗಿಯುತ್ತಿದ್ದ ಆ ಶುದ್ಧವಾದ ಬಾಯಿಗಳನ್ನು ನೋಡಿ ಅವಳಿಗೆ ಹೇಸಿಗೆಯಾಯಿತು.

"ನಾನು ಫೋನ್ ಮಾಡ್ತೀನಿ," ಅಂದಳು.

"ಈಗ್ಲಾ?"

"ಈಗ್ಲೇ. ಲಿಮೋಜಿನವರು ಬೇರೆ ಮನೆ ನೋಡ್ಕೊಳ್ಳೋ ಮುಂಚೆ."

"ಸ್ಪೀಕರ್ ಹಾಕಿ ಹಾಗಿದ್ರೆ," ರಂಗನಾಥರು ಟಿವಿಯ ಸದ್ದು ಕಡಿಮೆ ಮಾಡಿದರು. "ನಿಮ್ಮ ಫ್ರೆಂಚು ನಾವೂ ಕೇಳೋಣ."

ಅವಮಾನ ಮಾಡಲೆಂದೇ ಹೇಳಿದ್ದು. ಶಿವಗಂಗಾ ಸ್ಪೀಕರ್ ಹಾಕಿ, ಫೋನನ್ನು ಎಳ್ಳಿನ ತಟ್ಟೆಯ ಪಕ್ಕಕ್ಕೆ ಇಟ್ಟಳು. ಆರು ಸಲ ಹೊಡೆದುಕೊಂಡ ಮೇಲೆ ಮದಾಮಳ ಒಣಗಿದ ದನಿ ಕೇಳಿತು. ಶಿವಗಂಗಾ ಹೆಸರು ಹೇಳಿದಳು. ಆಮೇಲೆ, ವಾರವಿಡೀ ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದನ್ನು ಒಂದೊಂದೇ ಇಟ್ಟಳು. ಮದಾಮ್, ತಪ್ಪಾಗಿದೆ. ನಮ್ಮ ಭಾಷೆಯಲ್ಲಿ ಹೋಗುವವರು ಹೋಗುತ್ತೇವೆ ಅನ್ನುವುದಿಲ್ಲ. ಅದು ಒಳ್ಳೆಯದಲ್ಲ. ಬರುತ್ತೇವೆ ಅನ್ನುತ್ತೇವೆ. ಅದು ಬರೀ ನಮಸ್ಕಾರದ ಹಾಗೆ.

ಆ ಕಡೆ ಎಲ್ಲೋ ಒಂದು ನಾಯಿ ಬೊಗಳಿತು. ಆಮೇಲೆ ಮದಾಮ್ ಒಂದು ಪ್ರಶ್ನೆ ಕೇಳಿದಳು. ಶಿವಗಂಗಾ ಫೋನಿನಿಂದ ತಲೆಯೆತ್ತಿದಳು.

"ಏನಂತೆ?" ಅಂದ ಭೋಜ.

"ಹಾಗಾದ್ರೆ, ನಿಜವಾಗಿ ಬರೋದಾದ್ರೆ ನೀವು ಏನಂತೀರಿ ಅಂತ ಕೇಳ್ತಿದಾಳೆ."

ಭೋಜ ನಗಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. "ಅದು ಪಾಯಿಂಟು," ಎಂದು ಮೆಲ್ಲಗೆ ಅಂದ.

ರಂಗನಾಥರಿಗೆ ತಾಳ್ಮೆ ತಪ್ಪಿತು. "ಏನ್ ರೀ ಇದು, ಅನ್‌ನೆಸೆಸರಿ ಡ್ರಾಮಾ! ಶೀ ಈಸ್ ಜಸ್ಟ್ ಎ ಲೋನ್ಲಿ ಓಲ್ಡ್ ವುಮನ್, ಅಷ್ಟೇ. ಆ ಥರ್ಡ್ ಕ್ಲಾಸ್ ಪ್ಲೇಸ್‌ಗೆ ಬೇರೆ ಗೆಸ್ಟ್ಸ್ ಯಾರೂ ಸಿಕ್ಕಲ್ಲ, ಸೋ ಶೀ ಈಸ್ ಎಮೋಷನಲಿ ಬ್ಲ್ಯಾಕ್‌ಮೇಲಿಂಗ್ ಅಸ್. ಕಟ್ ಮಾಡಿ ಫೋನು."

ಫೋನಿನಿಂದ ದನಿ ಬಂತು. ಫ್ರೆಂಚಿನಲ್ಲಿ ಅಲ್ಲ. ಸ್ವಲ್ಪ ಮೂಗಿನಲ್ಲಿ, ಆದರೆ ಒಂದು ಪದವೂ ತಪ್ಪದ ಇಂಗ್ಲಿಷಿನಲ್ಲಿ.

"ನಮಸ್ಕಾರ ಮುಸ್ಯೂ. ನಿಮ್ಮ ಧ್ವನಿ ಗುರುತು ಸಿಕ್ಕಿತು. ಕೆಸರು ಇನ್ನೂ ಇಲ್ಲೇ ಇದೆ."

ರಂಗನಾಥರು ಕಡಲೆಬೀಜವನ್ನು ಹಾಗೇ ನುಂಗಿದರು.

ಮದಾಮ್ ಅವಸರವಿಲ್ಲದೆ ಹೇಳಿದಳು. ತಾನು ಇಪ್ಪತ್ತೆರಡು ವರ್ಷ ಬಂದರಿನ ಕಚೇರಿಯಲ್ಲಿ ಇಂಗ್ಲಿಷ್ ಹಡಗುಗಳ ಕಾಗದಪತ್ರ ನೋಡಿಕೊಂಡಿದ್ದವಳು. ಕಳೆದ ಆಗಸ್ಟಿನಲ್ಲಿ ಮೊದಲ ದಿನ ಅಂಗಳದಲ್ಲಿ ನಿಮ್ಮ ಭಾಷೆ ಕೇಳಿ ಬೆರಗಾಯಿತು: ಎಲ್ಲೋ ದೂರದ ಭಾಷೆ, ಆದರೆ ಅರ್ಧಕ್ಕರ್ಧ ಅರ್ಥವಾಗುತ್ತಿದೆ! ಚೀಟಿಂಗ್. ಫುಲ್ ಮಡ್. ಬಾತ್‌ರೂಮ್ ಡರ್ಟಿ. ವೇಸ್ಟ್ ಆಫ್ ಟೈಮ್. ಹದಿನೈದು ದಿನದಲ್ಲಿ ತನಗೆ ತಪ್ಪಿಹೋದದ್ದು ಮಧ್ಯದ ಚೂರುಪಾರು ಮಾತ್ರ.

ಟಿವಿಯಲ್ಲಿ ಕೋಮೋ ಸರೋವರ ಸದ್ದಿಲ್ಲದೆ ಓಡುತ್ತಿತ್ತು.

"ಮತ್ತೆ... ಮತ್ತೆ ಮನೆ ಯಾಕೆ ಇಟ್ಟಿರಿ ನಮಗೆ?" ಶಿವಗಂಗಾ ಯಾವ ಭಾಷೆಯಲ್ಲಿ ಕೇಳಿದಳೋ ಅವಳಿಗೇ ತಿಳಿಯಲಿಲ್ಲ, ಇಂಗ್ಲಿಷೇ ಇರಬೇಕು.

"ಇಷ್ಟೊಂದು ಬೈದವರು ಬರ್ತೀವಿ ಅಂದಾಗ, ನಿಜವಾಗಿಯೂ ಇಷ್ಟವಾಗಿರಬೇಕು ಅಂದುಕೊಂಡೆ. ನನ್ನ ಗಂಡನೂ ಹಾಗೇ ಇದ್ದ, ಬೈದ ಊಟವನ್ನೇ ಮತ್ತೆ ಹಾಕಿಸಿಕೊಳ್ಳುತ್ತಿದ್ದ."

"ನನ್ನ ಜೊತೆ ಇಂಗ್ಲಿಷ್ ಮಾತಾಡಬಹುದಿತ್ತಲ್ಲ ಮದಾಮ್."

"ನೀವು ಅಷ್ಟು ಕಷ್ಟಪಟ್ಟು ವಾಕ್ಯ ಬರೆದುಕೊಂಡು ಬರುತ್ತಿದ್ದಿರಿ. ಕೆಡಿಸುವುದಕ್ಕೆ ಮನಸ್ಸು ಬರಲಿಲ್ಲ."

ಶಿವಗಂಗಾಳ ಕಿವಿ ಕಾದುಹೋಯಿತು. ಹದಿನೈದು ದಿನ ಗಂಜಿಗೆ ಉಪ್ಪು ಬೇಕೆನ್ನುವುದಕ್ಕೂ ಪುಸ್ತಕ ಹಿಡಿದು ನಿಂತಿದ್ದ ತನ್ನ ಆಕಾರ ಕಣ್ಣಿಗೆ ಕಟ್ಟಿತು. ಆದರೂ ಮತ್ತೆ ಫ್ರೆಂಚಿಗೇ ಹೊರಳಿ, ಹೇಳಬೇಕಾದ್ದನ್ನು ಹೇಳಿದಳು. ಇವರು ಬರುವುದಿಲ್ಲ. ಲಿಮೋಜಿನವರಿಗೆ ಇವತ್ತೇ ಫೋನ್ ಮಾಡಿ. ನಾನು ಬರುತ್ತೇನೆ. ಗಂಡನ ಕಡೆ ನೋಡಿದಳು, ಅವನು ತಲೆಯಾಡಿಸಿದ. ನಾವಿಬ್ಬರು ಬರುತ್ತೇವೆ, ಆಸ್ಪತ್ರೆಯ ಡ್ಯೂಟಿ ಪಟ್ಟಿಯಲ್ಲಿ ಒಂದು ವಾರ ರಜೆ ಸಿಗುತ್ತದೆ. ಮದಾಮ್ ಯೋಚಿಸಿ, ಮನೆ ಲಿಮೋಜಿನವರಿಗೇ ಇರಲಿ, ಅವರು ಸಪ್ಪೆ ಜನ, ಆದರೆ ಹೇಳಿದ ದಿನ ಬರುತ್ತಾರೆ; ನೀವು ಬಟ್ಟೆ ಒಗೆಯುವ ಕೋಣೆಯ ಮೇಲಿನ ಅಟ್ಟದಲ್ಲಿ ಇರಿ, ಒಲೆ ಅಲ್ಲೇ ಕೆಳಗಿದೆ, ಅಂದಳು. ದಿನ ಯಾವುದು? ಶಿವಗಂಗಾ ತಾರೀಖು ಹೇಳಿದಳು. ಮದಾಮ್ ತಿರುಗಿ ಹೇಳಿಸಿದಳು. ಆಮೇಲೆ ಫೋನು ಇಟ್ಟಳು.

ಮೊದಲು ಸುಧಾರಿಸಿಕೊಂಡವರು ರಂಗನಾಥರೇ. "ಒಗೆಯೋ ರೂಮಿನ ಮೇಲಾ? ಸರ್ವೆಂಟ್ ಕ್ವಾರ್ಟರ್ಸು! ಕೋಮೋ ಬಿಟ್ಟು ಅಲ್ಲಿಗೆ ಹೋಗ್ತೀರಾ?" ಎಂದು ನಗಲು ನೋಡಿದರು. ಯಾರೂ ಜೊತೆಗೆ ನಗಲಿಲ್ಲ. ಲೀಲಾವತಿ ಗಂಡನ ತೋಳು ಹಿಡಿದು, "ರೀ, ಬಾತ್‌ರೂಮ್ ಬಗ್ಗೆ ಏನಂದಿದ್ರಿ? ಅವತ್ತು ಅಡುಗೆಮನೇಲಿ ಅವಳ ಡ್ರೆಸ್ ಬಗ್ಗೆ ನಾನೇನಾದ್ರೂ..." ಎಂದು ಪಿಸುಗುಟ್ಟಿದಳು. ಭೋಜ ಚಾವಣಿ ನೋಡುತ್ತ ತುಟಿ ಅಲ್ಲಾಡಿಸುತ್ತಿದ್ದ, ತಾನು ಹೇಳಿದ್ದರಲ್ಲಿ ಯಾವುದು ಇಂಗ್ಲಿಷು, ಯಾವುದು ತುಳು ಎಂದು ಬೇರ್ಪಡಿಸುತ್ತಿದ್ದವನಂತೆ. ಶಿವಗಂಗಾ ಅವರನ್ನೆಲ್ಲ ಕರುಣೆಯಿಲ್ಲದೆ ನೋಡಿ ಕೋಟು ಹಾಕಿಕೊಂಡಳು.

ಎಂ-ಸಿಕ್ಸ್ ಹೆದ್ದಾರಿಯಲ್ಲಿ ಅರ್ಧ ದಾರಿ ಬರುವವರೆಗೂ ಆ ಖುಷಿ ಉಳಿಯಿತು. ಸ್ಟೋಕ್ ಕಳೆದ ಮೇಲೆ ಅವಳು ನೆಟ್ಟಗೆ ಕೂತಳು.

"ರೀ, ನಾನೂ ಅಂದಿದೀನಿ."

"ಏನಂತ?"

"ಮೂರನೇ ದಿನ. ಅವಳು ಬೆಳಿಗ್ಗೆ ಕೆಸರಿನಲ್ಲಿ ಒಬ್ಬಳೇ ಓಡಾಡ್ತಿದ್ದಳಲ್ಲ, ಚಿಪ್ಪು ಆರಿಸ್ತಾ. ಒಳಗೆ ಬಂದಾಗ ನಾನು ನಿಮಗೆ ಹೇಳ್ದೆ. ಓಲ್ಡ್ ಲೇಡಿಗೆ ಸ್ವಲ್ಪ ಸ್ಕ್ರೂ ಲೂಸು ಕಾಣತ್ತೆ ಅಂತ. ಅವಳು ಬಾಗಿಲ ಹತ್ರಾನೇ ಬೂಟು ಬಿಚ್ಚುತ್ತಾ ಇದ್ದಳು."

ಸೋಮಲಿಂಗಪ್ಪ ಸಮಾಧಾನ ಹೇಳಬಹುದಿತ್ತು. ಅವಳ ಜೊತೆ ಇಪ್ಪತ್ತು ವರ್ಷ ಬಾಳಿದ ಮೇಲೆ, ಅದರಿಂದ ಏನೂ ಆಗದು ಎಂದು ಅವನಿಗೆ ಗೊತ್ತಿತ್ತು.

ಅಷ್ಟು ಜನರ ನಡುವೆ ತಾನೊಬ್ಬಳು ಬೇರೆ ಎಂದು ಒಂದು ಗಂಟೆಯ ಮಟ್ಟಿಗೆ ನಂಬಿದ್ದಳು. ಆ ಹೆಂಗಸು ತನ್ನ ಆ ಮಾತನ್ನು ಕೇಳಿಸಿಕೊಂಡೂ, ಮರುದಿನವೂ ಕೈಕಟ್ಟಿ ನಿಂತು ತನ್ನ ಕ್ರಿಯಾಪದಕ್ಕೆ ಕಾದಿದ್ದಳು. ಈಗ ಹೋಗಿ ಕ್ಷಮೆ ಕೇಳಬೇಕು. ಫ್ರೆಂಚಿನಲ್ಲಾದರೆ ಒಂದು ಪದ ಬಿಟ್ಟು, ಕಾಲ ತಪ್ಪಿಸಿ, ಅರ್ಥವಾಗಲಿಲ್ಲವೇನೋ ಎಂಬಂತೆ ಜಾರಿಕೊಳ್ಳಬಹುದಿತ್ತು. ಆದರೆ ಸ್ಕ್ರೂ ಲೂಸು ಅಂದದ್ದು ಇಂಗ್ಲಿಷಿನಲ್ಲಿ. ಇಂಗ್ಲಿಷಿನಲ್ಲೇ ಕೇಳಬೇಕು, ಇಬ್ಬರಿಗೂ ಚೆನ್ನಾಗಿ ತಿಳಿಯುವ ಭಾಷೆಯಲ್ಲಿ.

"ಆಗಸ್ಟ್‌ಗೆ ಇನ್ನೂ ಏಳು ತಿಂಗಳೈತೆ," ಅಂದ ಸೋಮಲಿಂಗಪ್ಪ.

"ಸಾಕಾಗಲ್ಲ," ಅಂದಳು ಶಿವಗಂಗಾ.